ಮೂರು ವರ್ಷ ಮನೆಗೆಲಸ ಬೇರೆಯವರಿಂದ ಮಾಡಿಸಿದ ಮೇಲೆ

ಹದಿನೈದು ದಿನಕ್ಕೊಮ್ಮೆ ಮನೆ ಕ್ಲೀನಿಂಗ್, ವಾರಕ್ಕೊಮ್ಮೆ ಇಸ್ತ್ರಿ. ಈ ಎರಡು ಕೆಲಸವನ್ನು ದುಡ್ಡು ಕೊಟ್ಟು ಮಾಡಿಸಲು ಶುರು ಮಾಡಿ ಮೂರು ವರ್ಷ ಆಯಿತು. ಮೊದಲ ತಿಂಗಳಲ್ಲಿ ಈ ವಿಮರ್ಶೆ ಬರೆದಿದ್ದರೆ ಬರೀ ಹೊಗಳಿಕೆ ಇರುತ್ತಿತ್ತು. ಆರನೇ ತಿಂಗಳಲ್ಲಿ ಬರೆದಿದ್ದರೆ ಬರೀ ದೂರು. ಈಗ ಎರಡನ್ನೂ ನೋಡಿ ಆಗಿದೆ.

ಮೊದಲೇ ಹೇಳಿಬಿಡುತ್ತೇನೆ, ನಿಲ್ಲಿಸುವ ಯೋಚನೆ ನನಗಿಲ್ಲ. ಆದರೆ ಅನುಕೂಲ ಆಗಿದ್ದು ನಾನು ಅಂದುಕೊಂಡ ಕಡೆಯಿಂದ ಅಲ್ಲ.

ನಮ್ಮ ಮಲಗುವ ಕೋಣೆಯಲ್ಲಿ ಒಂದು ಮರದ ಕುರ್ಚಿ ಇದೆ. ಒಗೆದು ಒಣಗಿದ ಬಟ್ಟೆಯೆಲ್ಲ ಅದರ ಮೇಲೆ ಬೀಳುತ್ತಿತ್ತು. ಬುಧವಾರ ನಾಲ್ಕು ಶರ್ಟ್, ಶನಿವಾರದ ಹೊತ್ತಿಗೆ ಕುರ್ಚಿಯ ಬೆನ್ನೇ ಕಾಣುತ್ತಿರಲಿಲ್ಲ. ಅಷ್ಟಕ್ಕೆ ಇಸ್ತ್ರಿ ಹಾಕಲು ಒಂದೂವರೆ ಗಂಟೆ ಸಾಕು. ಆ ಒಂದೂವರೆ ಗಂಟೆಯನ್ನು ನಾನು ಐದು ದಿನ ಮುಂದೂಡುತ್ತಿದ್ದೆ. ರಾತ್ರಿ ದೀಪ ಆರಿಸುವಾಗ ಆ ರಾಶಿ ಕಣ್ಣಿಗೆ ಬೀಳುತ್ತಿತ್ತು. ಬೆಳಿಗ್ಗೆ ಎದ್ದಾಗಲೂ ಅದೇ. ಸೋಮವಾರ ಅದರಿಂದ ಒಂದು ಶರ್ಟ್ ಎಳೆದು, ಕಾಲರ್ ಮತ್ತು ಗುಂಡಿ ಪಟ್ಟಿ ಮಾತ್ರ ಒತ್ತಿ, ಮೇಲೆ ಸ್ವೆಟರ್ ಹಾಕಿಕೊಂಡು ಕೆಲಸಕ್ಕೆ ಓಡುತ್ತಿದ್ದೆ. ಗಡಿಯಾರದ ಲೆಕ್ಕದಲ್ಲಿ 90 ನಿಮಿಷದ ಕೆಲಸ. ತಲೆಯಲ್ಲಿ ಅದು ವಾರವಿಡೀ ಇರುತ್ತಿತ್ತು.

ಇದು ನನಗೆ ಆಗ ಅರ್ಥ ಆಗಿರಲಿಲ್ಲ. ಹಾಗಾಗಿ ಶುರುವಿನಲ್ಲೇ ತಪ್ಪು ಮಾಡಿದೆ. ಒಂದು ವಾರ ಪೂರ್ತಿ ಯಾವ ಕೆಲಸಕ್ಕೆ ಎಷ್ಟು ಹೊತ್ತು ಹೋಗುತ್ತದೆ ಅಂತ ಚೀಟಿಯಲ್ಲಿ ಬರೆದಿಟ್ಟೆ. ಅಡುಗೆ ಎಲ್ಲಕ್ಕಿಂತ ಮೇಲಿತ್ತು, ವಾರಕ್ಕೆ ಹತ್ತು ಗಂಟೆಯ ಹತ್ತಿರ. ಸರಿ, ಹೆಚ್ಚು ಹೊತ್ತು ತಿನ್ನುವುದು ಇದೇ ಅಲ್ವಾ ಅಂತ ಅಡುಗೆಗೆ ಜನ ಇಟ್ಟೆವು. ಎರಡೂವರೆ ತಿಂಗಳು ನಡೆಯಿತು. ಅವರ ಅಡುಗೆಯಲ್ಲಿ ಏನೂ ಕೊರತೆ ಇರಲಿಲ್ಲ. ಆದರೆ ಸಂಜೆ ಮನೆಗೆ ಬಂದು ತರಕಾರಿ ಹೆಚ್ಚುತ್ತಾ ನಾನೂ ನನ್ನ ಹೆಂಡತಿಯೂ ದಿನದ ಮಾತು ಆಡುತ್ತಿದ್ದ ಹೊತ್ತು ಹೋಯಿತು. ಉಳಿದ ಗಂಟೆಯನ್ನು ಇಬ್ಬರೂ ಬೇರೆ ಬೇರೆ ಮೂಲೆಯಲ್ಲಿ ಫೋನ್ ಹಿಡಿದು ಕಳೆದೆವು. ಅತ್ತ ಕುರ್ಚಿಯ ಮೇಲೆ ಬಟ್ಟೆ ಹಾಗೇ ಇತ್ತು, ಬಾತ್‌ರೂಮ್ ಹಾಗೇ ಇತ್ತು. ಬಾತ್‌ರೂಮ್ ಯಾರ ಸರದಿ ಅಂತ ಭಾನುವಾರದ ಜಗಳವೂ ಹಾಗೇ ಇತ್ತು.

ಅಡುಗೆಯನ್ನು ನಾವೇ ವಾಪಸ್ ತೆಗೆದುಕೊಂಡೆವು. ಅವರಿಗೆ ಒಂದು ತಿಂಗಳು ಮುಂಚೆ ಹೇಳಿ, ಬೇರೆ ಮನೆ ಸಿಗುವವರೆಗೆ ಕಾದೆವು. ಅದೇ ದುಡ್ಡಿನಲ್ಲಿ ಕ್ಲೀನಿಂಗ್ ಮತ್ತು ಇಸ್ತ್ರಿ. ತಾಸಿನ ಲೆಕ್ಕದಲ್ಲಿ ನೋಡಿದರೆ ಉಳಿಯುವ ಸಮಯ ಅಡುಗೆಯಲ್ಲಿ ಉಳಿಯುತ್ತಿದ್ದುದರ ಅರ್ಧಕ್ಕಿಂತ ಕಡಿಮೆ. ಆದರೂ ಮನೆ ಹಗುರಾಯಿತು. ಮೂರು ವರ್ಷದಲ್ಲಿ ನಾನು ಕಲಿತ ದೊಡ್ಡ ವಿಷಯ ಇದು. ಜಾಸ್ತಿ ಹೊತ್ತು ಹಿಡಿಯುವ ಕೆಲಸವನ್ನು ಹುಡುಕಬೇಡಿ, ನೀವು ಜಾಸ್ತಿ ಮುಂದೂಡುವ ಕೆಲಸವನ್ನು ಹುಡುಕಿ. ದುಡ್ಡು ಕೊಡಬೇಕಾದದ್ದು ಅದಕ್ಕೆ.

"ನಿನ್ನ ಒಂದು ಗಂಟೆಯ ಸಂಬಳ ಎಷ್ಟು? ಅದಕ್ಕಿಂತ ಕಡಿಮೆಗೆ ಯಾರಾದರೂ ಮಾಡಿದರೆ ಕೊಟ್ಟುಬಿಡು" ಅಂತ ಸ್ನೇಹಿತರು ಹೇಳುತ್ತಾರೆ. ಮನೆಯ ಕೆಲಸಕ್ಕೆ ಹೋಗುವ ಸಮಯಕ್ಕೂ ಬೆಲೆ ಇದೆ ಅನ್ನುವುದು ಹೊಸ ಮಾತಲ್ಲ. ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ 1965ರಲ್ಲೇ ಇದನ್ನು ಲೆಕ್ಕದೊಳಗೆ ತಂದಿದ್ದರು. ಆದರೆ ಸ್ನೇಹಿತರ ಲೆಕ್ಕ ನನಗೆ ಹೊಂದಲಿಲ್ಲ. ನನಗೆ ತಿಂಗಳ ಸಂಬಳ. ಶನಿವಾರ ಮೂರು ಗಂಟೆ ಉಳಿದರೆ ಯಾರೂ ನನಗೆ ಹೆಚ್ಚಿಗೆ ಕೊಡುವುದಿಲ್ಲ. ಗಂಟೆಗೆ ಇಷ್ಟು ಅಂತ ದುಡಿಯುವವರಿಗೆ, ಸ್ವಂತ ಅಂಗಡಿ ಇರುವವರಿಗೆ ಆ ಲೆಕ್ಕ ಸರಿ ಇರಬಹುದು. ಸಂಬಳದವರು ಬೇರೆ ಪ್ರಶ್ನೆ ಕೇಳಿಕೊಳ್ಳಬೇಕು: ಉಳಿದ ಆ ಮೂರು ಗಂಟೆಯಲ್ಲಿ ಏನು ಮಾಡುತ್ತೀರಿ? ಉತ್ತರ ಮೊದಲೇ ಗೊತ್ತಿರಬೇಕು. ಇಲ್ಲದಿದ್ದರೆ ಅದು ಸುಮ್ನೆ ಸೋರಿ ಹೋಗುತ್ತದೆ. ಅಡುಗೆಯ ವಿಷಯದಲ್ಲಿ ನಮಗೆ ಆಗಿದ್ದೂ ಅದೇ.

ನಾನು ಆ ಸಮಯವನ್ನು ಅಪ್ಪನಿಗೆ ಇಟ್ಟೆ. ಕ್ಲೀನಿಂಗ್ ಇರುವ ಶನಿವಾರ ಬೆಳಿಗ್ಗೆ ಅವರ ಮನೆಗೆ ಹೋಗುತ್ತೇನೆ. ಇಬ್ಬರೂ ನಿಧಾನವಾಗಿ ನಡೆದು ಬರುತ್ತೇವೆ. ಅವರಿಗೆ ಮೊಣಕಾಲು ನೋವು, ಹಾಗಾಗಿ ನಡುವೆ ಎರಡು ಕಡೆ ಕೂರುತ್ತೇವೆ. ಮೊದಲೆಲ್ಲ ನಾನು ಫೋನ್ ಮಾಡಿದರೆ "ಬ್ಯುಸಿ ಇದ್ದರೆ ಆಮೇಲೆ ಮಾಡಪ್ಪ" ಅನ್ನುತ್ತಿದ್ದರು, ಮಾತು ಶುರುವಾಗುವ ಮೊದಲೇ. ಆ ಮಾತು ಕೇಳಿ ಈಗ ಒಂದು ವರ್ಷದ ಮೇಲಾಯಿತು. ಈ ಸೇವೆಗೆ ನಾನು ಕೊಡುವ ಅಂಕದಲ್ಲಿ ಬಹುಪಾಲು ಇದಕ್ಕೇ.

ದುಡ್ಡು ಕೊಟ್ಟು ಸಮಯ ಕೊಳ್ಳುವುದರ ಬಗ್ಗೆ 2017ರಲ್ಲಿ ಪಿಎನ್‌ಎಎಸ್ ಅನ್ನುವ ಅಮೆರಿಕದ ವಿಜ್ಞಾನ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂದಿತ್ತು. ಆಶ್ಲಿ ವಿಲನ್ಸ್, ಎಲಿಜಬೆತ್ ಡನ್ ಮತ್ತು ಜೊತೆಗಾರರು ಮಾಡಿದ್ದು. ಅಮೆರಿಕ, ಕೆನಡಾ, ಡೆನ್ಮಾರ್ಕ್, ನೆದರ್ಲೆಂಡ್ಸ್‌ನ 6,000ಕ್ಕೂ ಹೆಚ್ಚು ಜನರನ್ನು ಕೇಳಿದ್ದರು. ಬೇಡದ ಕೆಲಸಕ್ಕೆ ದುಡ್ಡು ಕೊಡುವವರು ತಮ್ಮ ಬದುಕಿನ ಬಗ್ಗೆ ಹೆಚ್ಚು ತೃಪ್ತಿ ಹೇಳಿಕೊಂಡರು. ಅದರಲ್ಲಿ ಕೆನಡಾದ ವ್ಯಾಂಕೂವರ್‌ನ 60 ಜನರ ಮೇಲೆ ಒಂದು ಪ್ರಯೋಗವೂ ಇದೆ. ಒಂದು ವಾರಾಂತ್ಯ 40 ಡಾಲರ್ ಕೊಟ್ಟು ಏನಾದರೂ ವಸ್ತು ಕೊಳ್ಳಿ ಅಂದರು, ಇನ್ನೊಂದು ವಾರಾಂತ್ಯ ಅಷ್ಟೇ ದುಡ್ಡಿನಲ್ಲಿ ಸಮಯ ಉಳಿಸಿಕೊಳ್ಳಿ ಅಂದರು. ಸಮಯ ಉಳಿಸಿಕೊಂಡ ದಿನ ಜನ ಹೆಚ್ಚು ಖುಷಿಯಾಗಿದ್ದರು. ಆದರೆ ಇಷ್ಟು ದುಡ್ಡು ಸಿಕ್ಕರೆ ಏನು ಮಾಡುತ್ತೀರಿ ಅಂತ ಬೇರೆ 98 ಜನರನ್ನು ಕೇಳಿದಾಗ, ಸಮಯ ಉಳಿಸಲು ಬಳಸುತ್ತೇನೆ ಅಂದವರು ನೂರಕ್ಕೆ ಇಬ್ಬರು.

ಆ ಇಬ್ಬರಲ್ಲಿ ನಾನೂ ಇರುತ್ತಿರಲಿಲ್ಲ. ದುಡ್ಡಿನ ಚಿಂತೆಗಿಂತ ನಾಚಿಕೆ ಜಾಸ್ತಿ ಇತ್ತು. ಕೈಕಾಲು ಗಟ್ಟಿ ಇದ್ದೂ ನಮ್ಮ ಬಾತ್‌ರೂಮ್ ಇನ್ನೊಬ್ಬರು ತೊಳೆಯುವುದಾ ಅಂತ. ಮೊದಲ ಮೂರು ಸಲ ಕ್ಲೀನಿಂಗ್‌ನವರು ಬರುವ ಮುಂಚೆ ನಾನೇ ಅರ್ಧ ಉಜ್ಜಿಟ್ಟಿದ್ದೆ. ಆ ನಾಚಿಕೆ ಹೋಗಿದ್ದು ಒಂದು ಮಾತಿನಿಂದ. ನಮ್ಮ ಮನೆಗೆ ಬರುವ ಅಕ್ಕ ಒಂದು ದಿನ ಟೈಲ್ಸ್ ಸಂದು ಉಜ್ಜುತ್ತಾ, "ಸರ್, ಈ ಬ್ರಷ್ ಆಗಲ್ಲ. ಬಗ್ಗಿ ಬಗ್ಗಿ ಸೊಂಟ ಹೋಗುತ್ತೆ. ಉದ್ದ ಹಿಡಿಯದ್ದು ತಂದಿಡಿ" ಅಂದರು. ಅವರು ತಮ್ಮ ಕೆಲಸಕ್ಕೆ ಬೇಕಾದ ಸಾಮಾನು ಕೇಳುತ್ತಿದ್ದರು, ಅಷ್ಟೇ. ನನ್ನ ನಾಚಿಕೆಯಿಂದ ಅವರಿಗೆ ಏನೂ ಆಗಬೇಕಿರಲಿಲ್ಲ. ಸರಿಯಾದ ಬ್ರಷ್, ಕೈಗವಸು, ಹೇಳಿದ ದಿನಕ್ಕೆ ದುಡ್ಡು, ಇಷ್ಟು ಬೇಕಿತ್ತು. ಅವತ್ತೇ ಹೋಗಿ ಉದ್ದ ಹಿಡಿಯ ಬ್ರಷ್ ತಂದೆ.

ಇನ್ನೊಂದು ಸಲ ಅವರು ಸಿಂಕ್ ಕೆಳಗಿನ ಎರಡು ಬಾಟಲಿ ತೋರಿಸಿ, "ಇವೆರಡನ್ನು ಒಟ್ಟಿಗೆ ಇಡಬೇಡಿ ಸರ್" ಅಂದರು. ಒಂದು ಆಸಿಡ್ ಇರುವ ಟಾಯ್ಲೆಟ್ ಕ್ಲೀನರ್, ಇನ್ನೊಂದು ಬ್ಲೀಚ್. ಎರಡೂ ಬೆರೆತರೆ ಕ್ಲೋರಿನ್ ಗಾಳಿ ಬರುತ್ತದೆ, ಮುಚ್ಚಿದ ಬಾತ್‌ರೂಮಿನಲ್ಲಿ ಅದು ಜೀವಕ್ಕೇ ಅಪಾಯ. ವರ್ಷಗಟ್ಟಲೆ ನಾನು ಅವನ್ನು ಪಕ್ಕಪಕ್ಕದಲ್ಲೇ ಇಟ್ಟಿದ್ದೆ. ಕೆಲವು ಸಲ ಒಂದಾದ ಮೇಲೊಂದು ಸುರಿದಿದ್ದೂ ಇದೆ. ನೆನೆಸಿಕೊಂಡರೆ ಈಗಲೂ ಹೆದರಿಕೆ ಆಗುತ್ತದೆ. ಮನೆ ತೊಳೆಯುವುದು ಯಾರಿಗಾದರೂ ಬರುವ ಕೆಲಸ ಅಂತ ಅವತ್ತಿನಿಂದ ನಾನು ಹೇಳಿಲ್ಲ.

ಈಗ ಕೆಟ್ಟದ್ದು. ಮೊದಲ ವರ್ಷ ಒಂದು ಆ್ಯಪ್ ಮೂಲಕ ಬುಕ್ ಮಾಡುತ್ತಿದ್ದೆವು. ಪ್ರತಿ ಸಲ ಹೊಸಬರು. ಪ್ರತಿ ಸಲ ಪೊರಕೆ ಎಲ್ಲಿದೆ, ಯಾವ ಬಟ್ಟೆಯಲ್ಲಿ ಏನು ಒರೆಸಬೇಕು ಅಂತ ಮೊದಲಿಂದ ಹೇಳಬೇಕು. ಒಬ್ಬರು ಬರಲೇ ಇಲ್ಲ, ಆದರೂ ದುಡ್ಡು ಕಟ್ ಆಯಿತು. ಅದನ್ನು ವಾಪಸ್ ಪಡೆಯಲು ಐದು ಸಲ ಫೋನ್ ಮಾಡಿದೆ. ಇಸ್ತ್ರಿಗೆ ಕೊಟ್ಟ ಉಣ್ಣೆಯ ಶಾಲು ಸುಟ್ಟು ಬಂತು, ಅದು ಅಮ್ಮನದಾಗಿತ್ತು. ಅದರಲ್ಲಿ ನನ್ನ ತಪ್ಪೂ ಇದೆ, ಬೇರೆಯಾಗಿ ಎತ್ತಿಡದೆ ರಾಶಿಯಲ್ಲೇ ಹಾಕಿದ್ದೆ. ಜನ ಹುಡುಕುವುದು, ಸಮಯ ಹೊಂದಿಸುವುದು, ಹೇಳಿಕೊಡುವುದು ಎಲ್ಲ ಸೇರಿಸಿದರೆ ಮೊದಲ ಮೂರು ತಿಂಗಳು ನಮಗೆ ಒಂದು ನಿಮಿಷವೂ ಉಳಿದಿರಲಿಲ್ಲ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಒಂದೆರಡು ಸಲ ನೋಡಿ ಬಿಟ್ಟವರು ಬಿಡುವುದು ಈ ಹಂತದಲ್ಲೇ. ಒಬ್ಬರೇ ಕಾಯಂ ಬರಲು ಶುರುವಾದ ಮೇಲೆ ಮಾತ್ರ ನಿಜವಾದ ಬಿಡುವು ಸಿಕ್ಕಿತು. ಸಾಧ್ಯವಾದರೆ ಮೊದಲ ದಿನದಿಂದಲೇ ಒಬ್ಬರನ್ನೇ ಕೇಳಿ, ಸ್ವಲ್ಪ ಜಾಸ್ತಿ ಆದರೂ ಪರವಾಗಿಲ್ಲ.

ಕಾಯಂ ಅಂದ ಮೇಲೆ ನಮ್ಮ ಕಡೆಯಿಂದಲೂ ಕಾಯಂ ಆಗಿರಬೇಕು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2011ರಲ್ಲಿ ಮನೆಗೆಲಸದವರಿಗಾಗಿಯೇ 189ನೇ ಒಪ್ಪಂದ ತಂದಿತು. ಕೆಲಸ ಏನು, ಸಂಬಳ ಎಷ್ಟು, ಹೊತ್ತು ಎಷ್ಟು ಅಂತ ಅವರಿಗೆ ಸ್ಪಷ್ಟವಾಗಿ ತಿಳಿಸಬೇಕು, ವಾರಕ್ಕೆ ಕನಿಷ್ಠ 24 ಗಂಟೆ ಸತತ ಬಿಡುವು ಇರಬೇಕು ಅನ್ನುತ್ತದೆ ಅದು. ಜಗತ್ತಿನಲ್ಲಿ ಮನೆಗೆಲಸದವರು ಏಳೂವರೆ ಕೋಟಿಗೂ ಹೆಚ್ಚು ಅಂತ ಅದೇ ಸಂಸ್ಥೆಯ ಅಂದಾಜು. ಹತ್ತರಲ್ಲಿ ಎಂಟು ಜನರದ್ದು ಅನೌಪಚಾರಿಕ ಕೆಲಸ, ಅಂದರೆ ಕಾರ್ಮಿಕರಿಗೆ ಸಿಗಬೇಕಾದ ಭದ್ರತೆ ಅವರಿಗೆ ಸಿಗುವುದಿಲ್ಲ. ಇದನ್ನು ಓದಿದ ಮೇಲೆ ಒಂದು ಹಾಳೆಯಲ್ಲಿ ಎಲ್ಲ ಬರೆದು ಅಕ್ಕನೂ ನಾವೂ ಒಂದೊಂದು ಇಟ್ಟುಕೊಂಡೆವು. ನಾವು ಊರಿಗೆ ಹೋಗಿ ಅವರ ಕೆಲಸ ತಪ್ಪಿದರೆ ಆ ದಿನದ ದುಡ್ಡು ಕೊಡುತ್ತೇವೆ. ವರ್ಷಕ್ಕೊಮ್ಮೆ ಅವರು ಕೇಳುವ ಮೊದಲೇ ಹೆಚ್ಚಿಸುತ್ತೇವೆ. ನನ್ನ ಸಮಯಕ್ಕೆ ಬೆಲೆ ಇದೆ ಅಂತ ಶುರು ಮಾಡಿದ ಮೇಲೆ ಅವರ ಸಮಯವನ್ನು ಅಗ್ಗಕ್ಕೆ ಕೇಳುವುದು ನನಗೆ ಸರಿ ಕಾಣಲಿಲ್ಲ.

ಎಲ್ಲವನ್ನೂ ಕೊಟ್ಟುಬಿಡಿ ಅಂತ ನಾನು ಹೇಳುವುದಿಲ್ಲ. ಗಿಡಗಳಿಗೆ ನೀರು ಹಾಕುವುದು ನನ್ನದೇ. ಪಾತ್ರೆ ತೊಳೆಯುವುದೂ ನಾವೇ, ಅದು ಮುಂದೂಡುವಷ್ಟು ಕಷ್ಟ ಅನಿಸಿಲ್ಲ. ಕೈ ಬಿಗಿ ಇರುವ ತಿಂಗಳಲ್ಲಿ ಸಾಲ ಮಾಡಿ ಇದನ್ನು ಮಾಡಿಸಲೂ ಬೇಡಿ. ತಿಂಗಳಿಗೆ ಒಂದೇ ಸಲ ಆದರೂ ಸಾಕು, ಆ ಒಂದು ಕೆಲಸ ಸರಿಯಾದದ್ದಾಗಿದ್ದರೆ ಗೊತ್ತಾಗುತ್ತದೆ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಡಿಮೆ ಆಗಿದ್ದು ಮೊದಲ ವರ್ಷಕ್ಕೆ. ಮುಂದಿನ ತಿಂಗಳಿಂದ ಕಿಟಕಿ ಗಾಜನ್ನೂ ಸೇರಿಸೋಣ ಅಂತ ಅಕ್ಕನ ಹತ್ತಿರ ಕೇಳಿದೆ. ಅದಕ್ಕೆ ಬೇರೆ ದಿನ, ಬೇರೆ ದುಡ್ಡು, ಎತ್ತರದ ಗಾಜಿಗೆ ನೀವೇ ಏಣಿ ಹಿಡಿಯಬೇಕು ಅಂದರು. ಸರಿ ಅಂತ ಹೇಳಿದ್ದೇನೆ.