ತೋರಿಸಿದ್ದು ಒಂದು ಮಾಂಸ, ಬಿಲ್ ಹಾಕಿದ್ದು ಇನ್ನೊಂದಕ್ಕೆ: ಡಲ್ಲಾಸ್ ಕಡೆ ಸ್ಟೇಕ್ ತಿನ್ನಲು ಹೊರಟವರು ಓದಿ

ಟೆಕ್ಸಸ್‌ನಲ್ಲಿ ಬಾರ್ಬೆಕ್ಯೂ ತಿನ್ನಬೇಡಿ ಅಂತ ನಾನು ಹೇಳುತ್ತಿಲ್ಲ. ಇಷ್ಟು ವರ್ಷ ಇಲ್ಲೇ ಇದ್ದೇವೆ, ಒಳ್ಳೆಯ ಅಂಗಡಿಗಳಲ್ಲಿ ಬೇಕಾದಷ್ಟು ತಿಂದಿದ್ದೇವೆ, ಇನ್ನೂ ತಿನ್ನುತ್ತೇವೆ. ನಾನು ಹೇಳುತ್ತಿರುವುದು ಈಗ ಕಾಣಿಸುತ್ತಿರುವ ಇನ್ನೊಂದು ಜಾತಿಯ ಹೋಟೆಲ್ ಬಗ್ಗೆ. ಅರ್ಧ ಸ್ಮೋಕ್‌ಹೌಸ್, ಅಂದರೆ ಹೊಗೆಯಲ್ಲಿ ಮಾಂಸ ಬೇಯಿಸುವ ಕಡೆ, ಅರ್ಧ ಸ್ಟೇಕ್‌ಹೌಸ್, ಅಂದರೆ ಮಾಂಸದ ದಪ್ಪ ಹೋಳು ಸುಟ್ಟು ಕೊಡುವ ಕಡೆ. ಬಾಗಿಲ ಹತ್ತಿರ ಸೌದೆ ಒಟ್ಟಿರುತ್ತಾರೆ. ಒಳಗೆ ಮಂದ ಬೆಳಕು. ಮೆನುವಿನಲ್ಲಿ ಡಾಲರ್ ಗುರುತೇ ಇಲ್ಲದ ಅಂಕಿಗಳು, ಮುಖ್ಯವಾದ ಕಡೆ ಅಂಕಿಯೂ ಇಲ್ಲ, ಬರೀ ‘ಮಾರ್ಕೆಟ್ ಪ್ರೈಸ್’. ಅಂಥದ್ದೊಂದು ಡಲ್ಲಾಸ್‌ನ ಉತ್ತರಕ್ಕೆ ಹೈವೇ ಪಕ್ಕದಲ್ಲಿದೆ. ಅಲ್ಲಿ ಆರು ಜನ ಊಟ ಮಾಡಿ 740 ಡಾಲರ್‌ಗಿಂತ ಜಾಸ್ತಿ ಕೊಟ್ಟು ಬಂದೆವು. ದುಡ್ಡು ಹೋಗಿದ್ದಕ್ಕಿಂತ ಅವರು ಕೊಟ್ಟ ಉತ್ತರಗಳಿಗೆ ನನಗೆ ಇನ್ನೂ ಮೈ ಉರಿಯುತ್ತಿದೆ.

ಗೆಳೆಯನ ಅಣ್ಣ, ಅತ್ತಿಗೆ ಮೈಸೂರಿನಿಂದ ಬಂದಿದ್ದರು. ನಾನೇ ಊಟ ಕೊಡಿಸುತ್ತೇನೆ ಅಂತ ಹೇಳಿದ್ದೆ. ಅಣ್ಣನಿಗೆ ಟೆಕ್ಸಸ್‌ಗೆ ಬಂದ ಮೇಲೆ ದೊಡ್ಡ ಮೂಳೆಯ ಸ್ಟೇಕ್ ಒಂದು ತಿನ್ನಲೇಬೇಕು ಅಂತ ಆಸೆ. ಅವತ್ತು ಶನಿವಾರ. ಅತ್ತಿಗೆ ಶನಿವಾರ ಮಾಂಸ ಮುಟ್ಟಲ್ಲ, ಬೇರೆ ದಿನವೂ ದನದ್ದು ತಿನ್ನಲ್ಲ. ಮಾಂಸದ ಜೊತೆಗೆ ಕೊಡುವ ಸೈಡ್ಸ್‌ನಲ್ಲಿ ಅವರಿಗೆ ಏನಾದರೂ ಸಿಗುತ್ತೆ ಅಂತ ಫೋನ್ ಮಾಡಿ ಕೇಳಿಕೊಂಡೇ ಹೋಗಿದ್ದು. ‘ಓ, ಬೇಕಾದಷ್ಟಿದೆ’ ಅಂದಿದ್ದರು.

ಕೂತ ಸ್ವಲ್ಪ ಹೊತ್ತಿಗೆ ವೇಟರ್ ಒಂದು ಮರದ ಹಲಗೆ ಹಿಡಿದುಕೊಂಡು ಬಂದ. ಹಲಗೆ ಮೇಲೆ ಹಸಿ ಟೊಮಾಹಾಕ್. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಇದು ಬೇರೇನೂ ಅಲ್ಲ, ಅದೇ ರಿಬ್‌ಐ, ದನದ ಪಕ್ಕೆಲುಬಿನ ಭಾಗದ ಸ್ಟೇಕ್. ಪಕ್ಕೆಲುಬನ್ನು ಕತ್ತರಿಸದೆ ಉದ್ದಕ್ಕೆ ಬಿಟ್ಟು, ಮೂಳೆಯನ್ನು ಕೆರೆದು ಬೆಳ್ಳಗೆ ಮಾಡಿರುತ್ತಾರೆ, ಕೊಡಲಿ ಹಾಗೆ ಕಾಣುತ್ತದೆ, ಅಷ್ಟಕ್ಕೇ ಆ ಹೆಸರು, ಅಷ್ಟಕ್ಕೇ ಆ ರೇಟು. ಮಾಂಸಕ್ಕೆ ಒಂದು ಕಡ್ಡಿ ಚುಚ್ಚಿ ಚೀಟಿ ಸಿಕ್ಕಿಸಿದ್ದರು. ಚೀಟಿಯಲ್ಲಿ 42 ಔನ್ಸ್, ಅಂದರೆ ಸುಮಾರು 1.2 ಕೆಜಿ. ಅಣ್ಣ ಖುಷಿಯಾಗಿ ಫೋಟೊ ತೆಗೆದುಕೊಂಡರು. ‘ನಿಮ್ಮ ಟೇಬಲ್‌ಗೆ ಇದು ಸರಿಯಾಗುತ್ತೆ ಸರ್’ ಅಂದ.

ನಾನು ರೇಟ್ ಕೇಳಿದೆ. ‘ಔನ್ಸ್ ಲೆಕ್ಕ ಸರ್, ಮಾರ್ಕೆಟ್ ಪ್ರೈಸ್. ಕಿಚನ್‌ನಲ್ಲಿ ಕೇಳಿ ಬಂದು ಹೇಳುತ್ತೇನೆ’ ಅಂದ. ಹೋದ. ನೀರು ತಂದ, ಬ್ರೆಡ್ ತಂದ, ರೇಟ್ ತರಲಿಲ್ಲ. ನನ್ನ ಹೆಂಡತಿ ಮತ್ತೆ ಕೇಳಿದಳು. ಆಗ ಏನಂದ ಗೊತ್ತಾ? ‘ನಿಮ್ಮದು ಆಗಲೇ ಬೆಂಕಿ ಮೇಲಿದೆ ಮೇಡಂ, ಅದ್ಭುತವಾಗಿ ಬರ್ತಿದೆ!’ ಕೇಳಿದ್ದೇನು, ಹೇಳಿದ್ದೇನು! ನಾವು ಇನ್ನೂ ಹೂಂ ಅಂದೇ ಇರಲಿಲ್ಲ. ಅತಿಥಿಗಳು ಎದುರಿಗೇ ಕೂತಿದ್ದಾರೆ. ಅವರ ಮುಂದೆ ‘ಬೇಡ, ವಾಪಸ್ ತಗೊಂಡು ಹೋಗು’ ಅನ್ನುವುದು ಹೇಗೆ? ಅವನಿಗೂ ಅದು ಚೆನ್ನಾಗಿ ಗೊತ್ತು. ನಮ್ಮವರು ಅತಿಥಿಗಳ ಎದುರು ದುಡ್ಡಿನ ಮಾತು ಎತ್ತಲ್ಲ ಅಂತ ಇವರಿಗೆ ಯಾರೋ ಟ್ರೈನಿಂಗ್ ಕೊಟ್ಟಿರಬೇಕು.

ಅಷ್ಟರಲ್ಲಿ ಬಾರ್ಬೆಕ್ಯೂ ಪ್ಲ್ಯಾಟರ್ ಬಂತು. ಬ್ರಿಸ್ಕೆಟ್ ನೋಡಿದ ತಕ್ಷಣ ಇದು ಇವತ್ತಿನದ್ದಲ್ಲ ಅನ್ನಿಸಿತು. ಬ್ರಿಸ್ಕೆಟ್ ಅಂದರೆ ಎದೆ ಭಾಗದ ಗಟ್ಟಿ ಮಾಂಸ. ಉಪ್ಪು, ಕಾಳುಮೆಣಸು ಸವರಿ ಪೋಸ್ಟ್ ಓಕ್ ಸೌದೆಯ ಹೊಗೆಯಲ್ಲಿ ಹತ್ತು ಹನ್ನೆರಡು ಗಂಟೆ ಇಟ್ಟರೇನೇ ಮೆತ್ತಗಾಗುವುದು. ಅದಕ್ಕೇ ಒಳ್ಳೆಯ ಅಂಗಡಿಗಳಲ್ಲಿ ರಾತ್ರಿಯೇ ಬೆಂಕಿ ಹಚ್ಚುತ್ತಾರೆ, ಬೆಳಿಗ್ಗೆ ಹನ್ನೊಂದಕ್ಕೆ ಬಾಗಿಲು ತೆಗೆಯುತ್ತಾರೆ, ಖಾಲಿಯಾದರೆ ಬೋರ್ಡ್ ಹಾಕಿ ಮನೆಗೆ ಹೋಗುತ್ತಾರೆ. ಆಸ್ಟಿನ್‌ನಿಂದ ಸ್ವಲ್ಪ ದೂರದ ಲಾಕ್‌ಹಾರ್ಟ್ ಇದೆಯಲ್ಲ, 1999ರಲ್ಲಿ ಟೆಕ್ಸಸ್ ಶಾಸನಸಭೆಯೇ ಬಾರ್ಬೆಕ್ಯೂ ರಾಜಧಾನಿ ಅಂತ ಹೆಸರು ಕೊಟ್ಟ ಊರು, ಅಲ್ಲಿ ನಿಮ್ಮ ಕಣ್ಣೆದುರೇ ಕತ್ತರಿಸಿ, ತೂಗಿ, ಪೇಪರ್ ಮೇಲೆ ಇಟ್ಟು ಕೊಡುತ್ತಾರೆ. ಕೊಬ್ಬು ಕಡಿಮೆಯದ್ದು ಬೇಕಾ, ಜಾಸ್ತಿಯದ್ದು ಬೇಕಾ ಅಂತಲೂ ಕೇಳುತ್ತಾರೆ. ಇಲ್ಲಿ ಶನಿವಾರ ರಾತ್ರಿ ಒಂಬತ್ತಕ್ಕೂ ಮೆನುವಿನಲ್ಲಿರುವುದೆಲ್ಲ ಇದೆ! ಯಾವುದೂ ಖಾಲಿಯಾಗಿಲ್ಲ! ಅಂಚು ಒಣಗಿ, ಫ್ರಿಜ್‌ನಿಂದ ತೆಗೆದು ಬಿಸಿ ಮಾಡಿದ ವಾಸನೆ. ಹೊರಗೆ ಒಟ್ಟಿದ್ದ ಸೌದೆ ಮೇಲೆ ಜೇಡರ ಬಲೆ ಇತ್ತು ಅಂತ ಆಮೇಲೆ ಗೆಳೆಯ ಹೇಳಿದ.

ಇದನ್ನೂ ಸಹಿಸಿಕೊಳ್ಳಬಹುದಿತ್ತು. ಅತ್ತಿಗೆಯ ವಿಷಯ ಮಾತ್ರ ಸಹಿಸಲಾಗಲಿಲ್ಲ. ಅವರಿಗೆ ಅಂತ ಬೀನ್ಸ್, ಜೋಳದ ಬ್ರೆಡ್, ಮ್ಯಾಕ್ ಆಂಡ್ ಚೀಸ್ ಹೇಳಿದ್ದೆವು. ‘ಬೀನ್ಸ್‌ನಲ್ಲಿ ಮಾಂಸ ಇಲ್ಲ ತಾನೆ?’ ಅಂತ ನಾನೇ ಕೇಳಿದ್ದೆ. ‘ಬರೀ ಬೀನ್ಸ್ ಸರ್’ ಅಂದಿದ್ದ. ಅತ್ತಿಗೆ ಎರಡು ಚಮಚ ತಿಂದು, ಮೂರನೆಯದಕ್ಕೆ ನಿಲ್ಲಿಸಿ, ಚಮಚ ನನ್ನ ಕಡೆ ತಿರುಗಿಸಿದರು. ಎಳೆ ಎಳೆಯಾಗಿ ಕಾಣುತ್ತಿತ್ತು. ಬ್ರಿಸ್ಕೆಟ್ ಚೂರು! ವೇಟರ್‌ನನ್ನು ಕರೆದು ತೋರಿಸಿದೆ. ಅವನ ಉತ್ತರ ಕೇಳಿ: ‘ಓ, ಅದು ರುಚಿಗೆ ಅಷ್ಟೇ ಸರ್. ಕತ್ತರಿಸುವಾಗ ಉಳಿದ ಚೂರು ಹಾಕುತ್ತೇವೆ. ಬೇಕಿದ್ದರೆ ಪಕ್ಕಕ್ಕೆ ಎತ್ತಿಟ್ಟು ತಿನ್ನಬಹುದು.’ ಎತ್ತಿಟ್ಟು ತಿನ್ನಬೇಕಂತೆ! ಅತ್ತಿಗೆ ಏನೂ ಮಾತಾಡಲಿಲ್ಲ. ಎದ್ದು ಬಾಯಿ ತೊಳೆದುಕೊಂಡು ಬಂದರು. ಆಮೇಲೆ ಬರೀ ನೀರು ಕುಡಿದುಕೊಂಡು ಕೂತರು. ‘ಬಿಡಪ್ಪಾ, ಪರವಾಗಿಲ್ಲ’ ಅಂದರು. ಅವರು ಬೈದಿದ್ದರೂ ನನಗೆ ಅಷ್ಟು ಬೇಜಾರಾಗುತ್ತಿರಲಿಲ್ಲ.

ಇಲ್ಲಿ ಒಂದು ಮಾತು. ಟೆಕ್ಸಸ್‌ನಲ್ಲಿ ಬೀನ್ಸ್, ಗ್ರೀನ್ ಬೀನ್ಸ್, ಸೊಪ್ಪಿನ ಪಲ್ಯದಂಥದ್ದು, ಇವುಗಳಿಗೆ ಬೇಕನ್ (ಉಪ್ಪು ಹಾಕಿಟ್ಟ ಹಂದಿ ಮಾಂಸ) ಅಥವಾ ಬ್ರಿಸ್ಕೆಟ್ ಹಾಕುವುದು ತುಂಬಾ ಮಾಮೂಲಿ. ಹಾಕಲಿ, ಅವರ ಅಡುಗೆ, ಅವರ ಪದ್ಧತಿ. ಆದರೆ ಬಾಯಿಬಿಟ್ಟು ಕೇಳಿದಾಗ ಇಲ್ಲ ಅನ್ನಬಾರದು ಅಲ್ವಾ?

ಸ್ಟೇಕ್ ಬಂತು. ಹೋಳು ಮಾಡಿ, ಮೂಳೆಯನ್ನು ಮಧ್ಯದಲ್ಲಿ ನಿಲ್ಲಿಸಿ, ಮೇಲೆ ಎಲೆ ಚುಚ್ಚಿ ಅಲಂಕಾರ. ನಾವು ಕೇಳಿದ್ದು ಮೀಡಿಯಂ, ಅಂದರೆ ಹಸಿಯೂ ಅಲ್ಲದ, ಪೂರ್ತಿ ಬೆಂದದ್ದೂ ಅಲ್ಲದ ನಡುವಿನ ಹದ. ನಡುವಿನ ಹೋಳುಗಳು ಕೆಂಪಗೆ, ಮುಟ್ಟಿದರೆ ತಣ್ಣಗೆ. ಅಣ್ಣ ‘ಇದು ಬೆಂದಿಲ್ಲ ಅನ್ನಿಸುತ್ತೆ’ ಅಂದರು. ವೇಟರ್ ನಗುತ್ತಾ, ಹೊಸಬರಿಗೆ ಪಾಠ ಹೇಳುವ ದನಿಯಲ್ಲಿ, ‘ಅದು ಸ್ಮೋಕ್ ರಿಂಗ್ ಸರ್’ ಅಂದ. ನನಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಸ್ಮೋಕ್ ರಿಂಗ್ ಅನ್ನುವುದು ನಿಜವಾಗಿಯೂ ಇದೆ. ಸೌದೆ ಉರಿಯುವಾಗ ಬರುವ ನೈಟ್ರಿಕ್ ಆಕ್ಸೈಡ್ ಮಾಂಸಕ್ಕೆ ಕೆಂಪು ಬಣ್ಣ ಕೊಡುವ ಮಯೋಗ್ಲೋಬಿನ್ ಜೊತೆ ಸೇರಿ ಗುಲಾಬಿ ಬಣ್ಣ ನಿಲ್ಲುತ್ತದೆ. ಅದು ಚೆನ್ನಾಗಿ ಬೆಂದ ಮಾಂಸದಲ್ಲೂ ಇರುತ್ತದೆ, ಹೆದರಬೇಕಾಗಿಲ್ಲ. ಆದರೆ ಅದು ಬರುವುದು ಹೊರಗಿನ ಅಂಚಿನಲ್ಲಿ, ತೆಳ್ಳಗೆ. ನಟ್ಟ ನಡುವೆ ತಣ್ಣಗೆ ಕೆಂಪಗೆ ಇರುವುದು ರಿಂಗ್ ಅಲ್ಲ ಮಹಾರಾಯ, ಹಸಿ! ಥರ್ಮಾಮೀಟರ್ ಚುಚ್ಚಿ ತೋರಿಸು ಅಂದೆ. ಮೀಡಿಯಂ ಅಂದರೆ 140 ಫ್ಯಾರನ್‌ಹೀಟ್ ಆಸುಪಾಸು ಇರಬೇಕು, ಸರ್ಕಾರದವರು 145 ಅನ್ನುತ್ತಾರೆ. ‘ನಮ್ಮ ಶೆಫ್ ಕೈಯಲ್ಲಿ ಒತ್ತಿ ನೋಡೇ ಹೇಳುತ್ತಾರೆ’ ಅಂದ. ಕೊನೆಗೆ ಒಳಗೆ ತೆಗೆದುಕೊಂಡು ಹೋಗಿ ಮತ್ತೆ ತಂದರು. ಆಗ ಚಪ್ಪಲಿ ಅಗಿದ ಹಾಗಿತ್ತು.

ಈಗ ಬಿಲ್. ಟೊಮಾಹಾಕ್, 51 ಔನ್ಸ್, ಔನ್ಸ್‌ಗೆ 6 ಡಾಲರ್, 306 ಡಾಲರ್.

ನಾನು ಬಿಲ್ಲನ್ನು ಮತ್ತೆ ಮತ್ತೆ ಓದಿದೆ. ಆರು ಡಾಲರ್ ಅನ್ನುವ ಅಂಕಿಯನ್ನು ನಾವು ನೋಡಿದ್ದೇ ಅಲ್ಲಿ, ತಿಂದು ಮುಗಿಸಿದ ಮೇಲೆ. ಅದೂ ಹೋಗಲಿ. 42 ಇದ್ದದ್ದು 51 ಆಗಿದ್ದು ಹೇಗೆ? ಒಂಬತ್ತು ಔನ್ಸ್ ಅಂದರೆ ಕಾಲು ಕೆಜಿ! ಬೆಂದರೆ ಮಾಂಸದ ತೂಕ ಇಳಿಯುತ್ತದೆ, ಏರುವುದನ್ನು ನಾನು ಎಲ್ಲೂ ಕೇಳಿಲ್ಲ. ಮ್ಯಾನೇಜರ್ ಬಂದ. ಅಣ್ಣನ ಫೋನಿನಲ್ಲಿದ್ದ ಫೋಟೊ ತೋರಿಸಿದೆ. ಅವನು ಫೋಟೊವನ್ನು ಸಮಾಧಾನವಾಗಿ ನೋಡಿ, ‘ಹೌದು ಸರ್, ಅದು ಡಿಸ್‌ಪ್ಲೇ ಪೀಸ್. ನಿಮಗೆ ಮಾಡಿದ್ದು ಬೇರೆ’ ಅಂದ.

ಡಿಸ್‌ಪ್ಲೇ ಪೀಸ್. ಟೇಬಲ್ ಟೇಬಲ್‌ಗೆ ಅದೇ ಮಾಂಸ, ಅದೇ ಚೀಟಿ, ರಾತ್ರಿಯೆಲ್ಲ ಮೆರವಣಿಗೆ. ‘ನಿಮ್ಮ ಟೇಬಲ್‌ಗೆ ಇದು ಸರಿಯಾಗುತ್ತೆ’ ಅಂದಿದ್ದು ಯಾವ ‘ಇದು’? ಹಾಗಾದರೆ 51 ಅಂತ ಯಾರು ತೂಗಿದರು, ಎಲ್ಲಿ, ಯಾವಾಗ? ‘ಕಿಚನ್‌ನಲ್ಲಿ ಸರ್, ಬೇಯಿಸುವ ಮೊದಲು.’ ಮೂಳೆ ಸೇರಿಸಿಯಾ? ‘ಖಂಡಿತ ಸರ್, ಮೂಳೆ ಆ ಕಟ್‌ನ ಭಾಗವೇ ಅಲ್ಲವೇ.’ ತಕ್ಕಡಿ ತೋರಿಸಿ ಅಂದೆ. ಗ್ರಾಹಕರಿಗೆ ಒಳಗೆ ಪ್ರವೇಶ ಇಲ್ಲ ಅಂದ. ಆಮೇಲೆ ತುಂಬಾ ವಿನಯದಿಂದ ಒಂದು ಮಾತು ಸೇರಿಸಿದ: ‘ಮೂಳೆ ಬೇಕಿದ್ದರೆ ಪ್ಯಾಕ್ ಮಾಡಿಸಿ ಕೊಡುತ್ತೇನೆ, ಸೂಪ್ ಮಾಡಿಕೊಳ್ಳಬಹುದು.’ ಔನ್ಸ್‌ಗೆ ಆರು ಡಾಲರ್ ಕೊಟ್ಟ ಮೂಳೆ!

ಸ್ಟೇಕ್‌ಹೌಸ್‌ಗಳಲ್ಲಿ ಬೇಯಿಸುವ ಮೊದಲಿನ ತೂಕ ಬರೆಯುವುದು ಎಲ್ಲ ಕಡೆ ಇರುವುದೇ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅಲ್ಲೆಲ್ಲ 16 ಔನ್ಸ್ ರಿಬ್‌ಐ ಇಷ್ಟು ಅಂತ ಮೊದಲೇ ಅಚ್ಚು ಹಾಕಿಸಿರುತ್ತಾರೆ, ಒಪ್ಪಿದರೆ ತಿನ್ನುತ್ತೀರಿ. ತೂಕ ಅವರ ಬಾಯಲ್ಲಿ, ರೇಟ್ ಅವರ ಮನಸ್ಸಿನಲ್ಲಿ ಇದ್ದರೆ ಅದು ಯಾವ ಸೀಮೆ ವ್ಯಾಪಾರ? ಮನೆಗೆ ಬಂದು ಹುಡುಕಿದಾಗ ಇನ್ನೊಂದು ಗೊತ್ತಾಯಿತು. 2017ರಲ್ಲಿ ಟೆಕ್ಸಸ್‌ನಲ್ಲಿ ಒಂದು ಕಾನೂನು ಮಾಡಿ, ತಕ್ಷಣ ತಿನ್ನಲು ಮಾರುವ ಆಹಾರ ತೂಗುವ ತಕ್ಕಡಿಗಳಿಗೆ ಕೃಷಿ ಇಲಾಖೆಯ ನೋಂದಣಿಯಿಂದ ವಿನಾಯಿತಿ ಕೊಟ್ಟಿದ್ದಾರೆ. ಪಾಪದ ಬಾರ್ಬೆಕ್ಯೂ ಅಂಗಡಿಯವರಿಗೆ ಅನುಕೂಲ ಆಗಲಿ ಅಂತ ಇರಬಹುದು. ಇಂಥವರಿಗೂ ಅದೇ ನೆರಳು.

ಇನ್ನೂ ಮುಗಿದಿಲ್ಲ. ಆರು ಜನ ಇದ್ದೇವೆ ಅಂತ 20 ಪರ್ಸೆಂಟ್ ಸರ್ವೀಸ್ ಚಾರ್ಜ್ ತಾನಾಗಿಯೇ ಹಾಕಿದ್ದಾರೆ. ಮೇಲೆ 8.25 ಪರ್ಸೆಂಟ್ ಟ್ಯಾಕ್ಸ್, ಅದು ಎಲ್ಲ ಕಡೆ ಇರುವುದೇ ಬಿಡಿ. ಆದರೆ ಕಾರ್ಡ್ ಮೆಷಿನ್ ನನ್ನ ಕೈಗೆ ಕೊಟ್ಟಾಗ ಮತ್ತೆ ಟಿಪ್ ಕೇಳುತ್ತಿದೆ! 20, 22, 25. ಅದೂ ಟ್ಯಾಕ್ಸ್, ಸರ್ವೀಸ್ ಚಾರ್ಜ್ ಎಲ್ಲ ಸೇರಿದ ಮೊತ್ತದ ಮೇಲೆ. ವೇಟರ್ ಪಕ್ಕದಲ್ಲೇ ನಿಂತಿದ್ದಾನೆ, ಬೇರೆ ಕಡೆ ನೋಡುವ ಹಾಗೆ ನಟಿಸುತ್ತಾ. ‘ಸರ್ವೀಸ್ ಚಾರ್ಜ್ ಹಾಕಿದ್ದೀರಲ್ಲ?’ ಅಂದರೆ ‘ಅದು ಹೋಟೆಲ್‌ಗೆ ಸರ್, ಇದು ನನಗೆ’ ಅಂತಾನೆ. ಸೊನ್ನೆ ಒತ್ತಿದೆ. ಅವನ ಮುಖ ನೋಡಬೇಕಿತ್ತು ನೀವು. ಆ ಹೊತ್ತಿಗೆ ಅಣ್ಣ ಪರ್ಸ್ ತೆಗೆದು ‘ಅರ್ಧ ನಾನು ಕೊಡುತ್ತೇನೆ’ ಅಂತ ಶುರು ಮಾಡಿದರು. ಊಟಕ್ಕೆ ಕರೆದವನಿಗೆ ಇದಕ್ಕಿಂತ ಅವಮಾನ ಬೇಕಾ?

ಬೀನ್ಸ್ ದುಡ್ಡು, ಹದಿನಾಲ್ಕು ಡಾಲರ್, ಬಿಲ್‌ನಿಂದ ತೆಗೆದರು. ದೊಡ್ಡ ಉಪಕಾರ.

ಮಾರನೆಯ ದಿನ ಎಲ್ಲ ಬರೆದು ಇಮೇಲ್ ಹಾಕಿದೆ, ಫೋಟೊ ಸಮೇತ. ಉತ್ತರ ಬಂತು. ನಮ್ಮ ಅನುಭವ ಅವರಿಗೆ ತುಂಬಾ ಮುಖ್ಯವಂತೆ, ನಮ್ಮ ಮಾತನ್ನು ತಂಡದ ಜೊತೆ ಹಂಚಿಕೊಂಡಿದ್ದಾರಂತೆ. 42ರ ಬಗ್ಗೆ ಇಲ್ಲ, 51ರ ಬಗ್ಗೆ ಇಲ್ಲ, ಬೀನ್ಸ್ ಬಗ್ಗೆ ಒಂದಕ್ಷರ ಇಲ್ಲ. ಜೊತೆಗೆ 25 ಡಾಲರ್ ಕೂಪನ್. ಕೆಳಗೆ ಸಣ್ಣ ಅಕ್ಷರದಲ್ಲಿ: ಶುಕ್ರವಾರ, ಶನಿವಾರ ನಡೆಯಲ್ಲ, ಮಾರ್ಕೆಟ್ ಪ್ರೈಸ್ ಐಟಂಗಳಿಗೆ ನಡೆಯಲ್ಲ.

ಇಂಥ ಕಡೆ ಹೋಗಲೇಬೇಕು ಅಂದರೆ, ‘ಮಾರ್ಕೆಟ್ ಪ್ರೈಸ್’ ಅಂತ ಇದ್ದದ್ದನ್ನು ಬರೆದು ಕೊಡಿ ಅನ್ನಿ, ಔನ್ಸ್‌ಗೆ ಎಷ್ಟು, ಒಟ್ಟು ಎಷ್ಟು, ಎರಡೂ. ಬರೆಯಲ್ಲ ಅಂದರೆ ಎದ್ದು ಬನ್ನಿ, ಅತಿಥಿಗಳು ಇದ್ದರೂ ಸರಿ. ಹಲಗೆ ಮೇಲೆ ತಂದು ತೋರಿಸಿದರೆ ‘ಇದನ್ನೇ ಬೇಯಿಸುತ್ತೀರಾ?’ ಅಂತ ಕೇಳಿ, ಫೋಟೊ ತೆಗೆಯಿರಿ. ಮನೆಯಲ್ಲಿ ದನದ್ದು ತಿನ್ನದವರು, ಮಾಂಸವೇ ತಿನ್ನದವರು ಇದ್ದರೆ ದಯವಿಟ್ಟು ಬೇರೆ ಕಡೆ ಕರೆದುಕೊಂಡು ಹೋಗಿ, ಇವರ ಬಾಯಿ ಮಾತು ನಂಬಬೇಡಿ. ಟೊಮಾಹಾಕ್ ಗೊಡವೆಯೇ ಬೇಡ. ಅಂಗಡಿಯಿಂದ ರಿಬ್‌ಐ ತಂದು ಹಿತ್ತಲಲ್ಲಿ ಗ್ರಿಲ್ ಮೇಲೆ ಹಾಕಿ. ಅಣ್ಣ ಊರಿಗೆ ಹೋಗುವ ಮೊದಲು ನಾವು ಮಾಡಿದ್ದೂ ಅದನ್ನೇ, ಅತ್ತಿಗೆಗೆ ಜೋಳದ ತೆನೆ, ಪನೀರ್ ಸುಟ್ಟುಕೊಟ್ಟೆವು.

ಕಾರ್ಡ್ ಬ್ಯಾಂಕಿಗೆ ದೂರು ಕೊಟ್ಟಿದ್ದೇನೆ. ಫೋಟೊ, ಬಿಲ್, ಇಮೇಲ್ ಎಲ್ಲ ಕಳಿಸಿದ್ದೇನೆ. ಸಹಿ ಹಾಕಿದ್ದೀರಲ್ಲ, ಕಷ್ಟ ಅನ್ನುತ್ತಿದ್ದಾರೆ. ನಾನು ಪೂರ್ತಿ ದುಡ್ಡು ಕೇಳುತ್ತಿಲ್ಲ. ಆ ಒಂಬತ್ತು ಔನ್ಸ್‌ನ 54 ಡಾಲರ್ ಕೇಳುತ್ತಿದ್ದೇನೆ. ಅದನ್ನು ಬಿಡಲ್ಲ.