ಅಮ್ಮನ ಹಚ್ಚೆಗೆ ಟೋಕಿಯೋ ಹೋಟೆಲಿನ ಬಚ್ಚಲಲ್ಲಿ ಜಾಗವಿರಲಿಲ್ಲ

ಟೋಕಿಯೋದಲ್ಲಿ ಕಡಿಮೆ ದರದ, ಜಪಾನಿ ಸ್ನಾನದ ತೊಟ್ಟಿ ಇರುವ ಹೋಟೆಲ್ ಹುಡುಕುತ್ತಿದ್ದೀರಾ? ಜೊತೆಗೆ ಮನೆಯ ಹಿರಿಯರೂ ಇದ್ದಾರಾ? ಹಾಗಾದರೆ ದುಡ್ಡು ಕಟ್ಟುವ ಮೊದಲು ಇದನ್ನೊಮ್ಮೆ ಓದಿ.

ನಮ್ಮದು ಉಯೆನೋ ಸ್ಟೇಷನ್ನಿನಿಂದ ಹತ್ತು ನಿಮಿಷದ ನಡಿಗೆಯ ಹೋಟೆಲ್. ಕೋಣೆಯಲ್ಲಿ ಎರಡು ಸೂಟ್‌ಕೇಸ್ ಒಟ್ಟಿಗೆ ಬಿಚ್ಚಲು ಜಾಗವಿಲ್ಲ. ಅಲ್ಲಿ ಅದು ಮಾಮೂಲು, ಆ ಬಗ್ಗೆ ದೂರಿಲ್ಲ. ನಾನು ಮರುಳಾಗಿದ್ದು ಅವರ ಇಂಗ್ಲಿಷ್ ಪುಟದಲ್ಲಿದ್ದ ‘ಓನ್ಸೆನ್’, ಅಂದರೆ ಬಿಸಿನೀರಿನ ಬುಗ್ಗೆ, ಎಂಬ ಒಂದೇ ಪದಕ್ಕೆ. ಅಮ್ಮನಿಗೆ ಮಂಡಿ ನೋವು. ಎರಡು ರಾತ್ರಿಗೆ 24,000 ಯೆನ್ ಕಟ್ಟಿದೆ. ರದ್ದು ಮಾಡಿದರೆ ಚಿಕ್ಕಾಸೂ ವಾಪಸಿಲ್ಲ.

ಅಲ್ಲಿನ ಸ್ನಾನದ ರೀತಿ ಗೊತ್ತಲ್ಲ. ಹೆಂಗಸರಿಗೆ, ಗಂಡಸರಿಗೆ ಬೇರೆ ಬೇರೆ, ಆದರೆ ಮೈಮೇಲೆ ಒಂದು ಎಳೆಯೂ ಇರಕೂಡದು. ಪುಟ್ಟ ಸ್ಟೂಲಿನ ಮೇಲೆ ಕೂತು ಸೋಪು ಹಚ್ಚಿ ಮೈ ತೊಳೆದುಕೊಂಡ ಮೇಲಷ್ಟೇ ತೊಟ್ಟಿಗಿಳಿಯಬೇಕು. ಚಿಕ್ಕ ಟವೆಲ್ಲನ್ನೂ ನೀರಿಗೆ ಅದ್ದುವಂತಿಲ್ಲ. ಹಾಸನದ ಕಡೆಯ ಹಳ್ಳಿಯಲ್ಲಿ ಜೀವಮಾನವಿಡೀ ಬಚ್ಚಲ ಚಿಲಕ ಹಾಕಿಕೊಂಡೇ ಮಿಂದವಳನ್ನು ಇದಕ್ಕೆ ಒಪ್ಪಿಸಲು ನನಗೆ ವಿಮಾನದ ಪೂರ್ತಿ ಪ್ರಯಾಣ ಬೇಕಾಯಿತು. “ಇಲ್ಲಿ ನನ್ನ ಗುರುತು ಯಾರಿಗಿದೆ, ನಡಿ ಮಗಾ” ಅಂತ ಕೊನೆಗೆ ಅವಳೇ ಎದ್ದಳು.

ಕೆಂಪು ಪರದೆ ಸರಿಸಿ ಒಳಗೆ ಹೋಗಿ, ಬಟ್ಟೆಯನ್ನು ಬುಟ್ಟಿಗೆ ಹಾಕಿ, ಗಾಜಿನ ಬಾಗಿಲು ತಳ್ಳಬೇಕು, ಅಷ್ಟರಲ್ಲಿ ಟವೆಲ್ ಜೋಡಿಸುತ್ತಿದ್ದ ಕೆಲಸದಾಕೆ ಓಡಿ ಬಂದು ಎರಡೂ ತೋಳುಗಳನ್ನು ಎದೆಯೆದುರು ಅಡ್ಡಡ್ಡ ಹಿಡಿದು ನಿಂತಳು. ಆಮೇಲೆ ಬಗ್ಗಿ ನಮಸ್ಕರಿಸಿದಳು. ಅವಳ ಕಣ್ಣು ಅಮ್ಮನ ಎಡಗೈ ಮೇಲಿತ್ತು.

ಹಚ್ಚೆ! ಮಣಿಕಟ್ಟಿನಿಂದ ಮೊಣಕೈವರೆಗೆ ಚುಕ್ಕಿ, ತೇರು, ತುಳಸಿಕಟ್ಟೆ. ಎಂಟನೇ ವಯಸ್ಸಿನಲ್ಲಿ ಕೊರವಂಜಿ ಹಾಕಿದ್ದು. ಹುಟ್ಟಿದಾಗಿನಿಂದ ನೋಡುತ್ತಾ ಬಂದ ನನಗೆ ಅದೂ ಒಂದು ಟ್ಯಾಟೂ ಎಂದು ಹೊಳೆದೇ ಇರಲಿಲ್ಲ.

ಜಪಾನಿನಲ್ಲಿ ಹಚ್ಚೆ ಎಂದರೆ ಯಾಕುಜಾ ರೌಡಿಗಳ ನೆನಪು. 1872ರಿಂದ 1948ರವರೆಗೆ ಹಚ್ಚೆಯನ್ನು ಕಾನೂನೇ ನಿಷೇಧಿಸಿತ್ತು. ಸ್ನಾನದ ಮನೆಗಳು ಇಂದಿಗೂ ಆ ಅಂಜಿಕೆ ಬಿಟ್ಟಿಲ್ಲ. 2013ರಲ್ಲಿ ಹೊಕ್ಕೈಡೋದಲ್ಲಿ ಮುಖದ ಮೇಲೆ ಸಾಂಪ್ರದಾಯಿಕ ಹಚ್ಚೆಯಿದ್ದ ನ್ಯೂಜಿಲೆಂಡಿನ ಮಾವೋರಿ ಮಹಿಳೆಯನ್ನೂ ಹೀಗೇ ತಡೆದಿದ್ದರು. ಅವರ ನಿಯಮ ಅವರದು, ಒಪ್ಪೋಣ. ಆದರೆ ಅದನ್ನು ಬಟ್ಟೆ ಬಿಚ್ಚುವ ಕೋಣೆಯ ಗೋಡೆಗೆ ಮಾತ್ರ ಅಂಟಿಸಿ, ದುಡ್ಡು ತೆಗೆದುಕೊಳ್ಳುವ ಪುಟದಲ್ಲಿ ಬಾಯಿ ಮುಚ್ಚಿಕೊಂಡಿದ್ದರಲ್ಲ, ನನ್ನ ಸಿಟ್ಟು ಅದಕ್ಕೆ.

ರಿಸೆಪ್ಷನ್ನಿನಲ್ಲಿ ಕೇಳಿದರೆ ಚರ್ಮದ ಬಣ್ಣದ ಎರಡು ಸ್ಟಿಕ್ಕರ್ ಕೊಟ್ಟರು. ಒಂದೊಂದೂ ಅಂಗೈಯಗಲ. ತೇರು ಮುಚ್ಚಿದರೆ ತುಳಸಿಕಟ್ಟೆ ಇಣುಕುತ್ತಿತ್ತು. ಅಮ್ಮ ಅವನ್ನು ಹಿಂದಕ್ಕೆ ಕೊಟ್ಟು, “ಸತ್ತಾಗ ಜೊತೆಗೆ ಬರೋದು ಇದೊಂದೇ ಅಂತಾರೆ. ಇದನ್ನ ಮುಚ್ಚಿಕೊಂಡು ಮೀಯೋದಾ?” ಅಂದಳು. ಹಣ ವಾಪಸ್ ಮಾತೇ ಇಲ್ಲ.

ರಾತ್ರಿ ನಾನೊಬ್ಬಳೇ ಹೋಗಿ ನೋಡಿದೆ. ನಾಲ್ಕು ಜನ ಕೂತರೆ ತುಂಬುವ ತೊಟ್ಟಿ, ಮೂಗಿಗೆ ಹೊಡೆಯುವ ಕ್ಲೋರಿನ್. ಗೋಡೆಯ ಫಲಕಕ್ಕೆ ಫೋನ್ ಹಿಡಿದು ಅನುವಾದಿಸಿದರೆ ‘ಜಿಂಕೋ ಓನ್ಸೆನ್’, ಕೃತಕ ಬುಗ್ಗೆ. ಅಂದರೆ ಕಾಯಿಸಿದ ನಲ್ಲಿ ನೀರಿಗೆ ಖನಿಜ ಸೇರಿಸಿದ್ದು. ‘ಜಿಂಕೋ’ ಇಂಗ್ಲಿಷಿಗೆ ಬರುವಾಗ ಮಾಯವಾಗಿತ್ತು. ಜಪಾನಿನ 1948ರ ಓನ್ಸೆನ್ ಕಾನೂನಿನ ಪ್ರಕಾರ ನೀರು ನೆಲದಿಂದ ಬರಬೇಕು, ಹೊಮ್ಮುವಾಗ ಕನಿಷ್ಠ 25 ಡಿಗ್ರಿ ಬಿಸಿಯಿರಬೇಕು, ಇಲ್ಲವೇ ಪಟ್ಟಿಯಲ್ಲಿರುವ 19 ಅಂಶಗಳಲ್ಲಿ ಒಂದಾದರೂ ನಿಗದಿತ ಪ್ರಮಾಣದಲ್ಲಿರಬೇಕು. ಬರೀ ‘ದೈಯೋಕುಜೋ’ ಎಂದಿದ್ದರೆ ‘ದೊಡ್ಡ ಸ್ನಾನದ ಮನೆ’ ಎಂದಷ್ಟೇ ಅರ್ಥ, ನೀರಿನ ಬಗ್ಗೆ ಅದೇನೂ ಹೇಳುವುದಿಲ್ಲ. ಇನ್ನೊಂದು ಸುಳಿವು ಬಿಲ್ಲಿನಲ್ಲಿರುತ್ತದೆ: ನಿಜವಾದ ಓನ್ಸೆನ್ ಆದರೆ ಸಾಮಾನ್ಯವಾಗಿ ರಾತ್ರಿಗೆ ತಲೆಗೆ 150 ಯೆನ್ ಸ್ನಾನದ ತೆರಿಗೆ ಹಾಕುತ್ತಾರೆ. ನಮ್ಮ ಬಿಲ್ಲಿನಲ್ಲಿ ಅದು ಇರಲಿಲ್ಲ.

ಹಾಗಾಗಿ ಹೋಟೆಲಿನ ಜಪಾನಿ ಪುಟವನ್ನೇ ಅನುವಾದಿಸಿ ಓದಿ. ಅಮ್ಮನ, ಅಜ್ಜಿಯ ಕೈ ನೋಡಿ. ಹಚ್ಚೆ ಇದ್ದರೆ ಫೋಟೋ ಸಮೇತ ಮೊದಲೇ ಈಮೇಲ್ ಮಾಡಿ ಒಪ್ಪಿಗೆ ಪಡೆಯಿರಿ, ಇಲ್ಲವೇ ಕುಟುಂಬಕ್ಕೇ ಬೇರೆ ತೊಟ್ಟಿ ಬಾಡಿಗೆಗೆ ಕೊಡುವ ಕಡೆ ಹೋಗಿ. ಸ್ನಾನದ ಮನೆ ತೆರೆದಿರುವ ಹೊತ್ತನ್ನೂ ಕೇಳಿಕೊಳ್ಳಿ. ನಮ್ಮಲ್ಲಿ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ ಬಾಗಿಲು ಹಾಕಿರುತ್ತಿತ್ತು.

ಮಾರನೇ ಸಂಜೆ ಎರಡು ಬೀದಿ ಆಚೆಯ ಸೆಂತೋಗೆ ಹೋದೆವು. ಅದು ಬಡಾವಣೆಯವರೇ ಮೀಯುವ ಸಾರ್ವಜನಿಕ ಸ್ನಾನದ ಮನೆ, ತಲೆಗೆ 550 ಯೆನ್. ಇಂಥ ಕಡೆ ಸಾಮಾನ್ಯವಾಗಿ ಹಚ್ಚೆಗೆ ತಕರಾರಿಲ್ಲ. ಅಮ್ಮನ ಕೈಯನ್ನು ಯಾರೂ ನೋಡಲಿಲ್ಲ. ಕುತ್ತಿಗೆವರೆಗೆ ಮುಳುಗಿ, “ನಮ್ಮ ಹಂಡೆ ನೀರಿನಷ್ಟೇ ಬಿಸಿ ಕಣೇ” ಅಂದಳು. ಸೋಪು, ಟವೆಲ್ ನೀವೇ ಒಯ್ಯಿರಿ. ನಾವು ಮರೆತು ಅಲ್ಲೇ ಕೊಂಡೆವು.