ನಂದಿ ಹಾಲ್ಟ್: ಬೆಟ್ಟಕ್ಕೆ ಹೋಗುವವರು ಇಲ್ಲೂ ಇಳಿಯಿರಿ

ನಂದಿ ಬೆಟ್ಟಕ್ಕೆ ಎಷ್ಟು ಸಲ ಹೋಗಿದ್ದೀನೋ ಲೆಕ್ಕವಿಲ್ಲ, ಆದರೆ ಕೆಳಗಿರುವ ಈ ಪುಟ್ಟ ಸ್ಟೇಷನ್ ನೋಡಿದ್ದು ಮೊನ್ನೆ ಭಾನುವಾರವೇ. ಚೆನ್ನಾಗಿದೆ. ಐದಕ್ಕೆ ನಾಲ್ಕು ಕೊಡ್ತೀನಿ.

ಬೆಂಗಳೂರು-ಚಿಕ್ಕಬಳ್ಳಾಪುರ ಲೈಟ್ ರೈಲ್ವೆ ಅಂತ ಒಂದು ಕಂಪನಿ ಇತ್ತು, 1915ರಲ್ಲಿ ಈ ದಾರಿ ಹಾಕಿದ್ದು ಅವರೇ. ಆಗ ಹಳಿಗಳ ನಡುವೆ ಬರೀ ಎರಡೂವರೆ ಅಡಿ ಅಗಲ, ನಮ್ಮ ಮನೆ ಬಾಗಿಲಿಗಿಂತ ಕಮ್ಮಿ! ಇನ್ನೊಂದು ತುದಿಯಲ್ಲಿ ಬೌರಿಂಗ್‌ಪೇಟೆಯಿಂದ, ಅಂದ್ರೆ ಈಗಿನ ಬಂಗಾರಪೇಟೆಯಿಂದ, ಕೋಲಾರಕ್ಕೆ 1913ರಲ್ಲೇ ಇಂಥದ್ದೇ ಸಣ್ಣ ರೈಲು ಬಂದಿತ್ತು. ಚಿಕ್ಕಬಳ್ಳಾಪುರ-ಕೋಲಾರ ನಡುವಿನ ಹಳಿ ಬ್ರಾಡ್‌ಗೇಜ್, ಅಂದ್ರೆ ಈಗಿನ ಅಗಲ ಹಳಿ, ಆಗಿದ್ದು ಮಾತ್ರ 2013ರಲ್ಲಿ. ನೂರು ವರ್ಷ ಕಾದರು ನಮ್ಮ ಜನ, ಪಾಪ.

ಹಳೇ ಕಟ್ಟಡ ಪಾಳು ಬೀಳುತ್ತಿತ್ತು, ಪಾರಂಪರಿಕ ಕಟ್ಟಡಗಳನ್ನು ಉಳಿಸುವ ಇಂಟ್ಯಾಕ್ ಸಂಸ್ಥೆಯವರು ಮುತುವರ್ಜಿ ವಹಿಸಿ ಮತ್ತೆ ಜೀವ ಕೊಟ್ಟಿದ್ದಾರೆ. ಹೆಂಚಿನ ಮಾಡಿನ ಕೆಳಗೆ ಸುಮ್ನೆ ಕೂತು ಕಡಲೆಕಾಯಿ ಬಿಡಿಸುತ್ತಾ ಬೆಟ್ಟ ನೋಡಿದೆ, ಅಷ್ಟರಲ್ಲಿ ಒಂದು ನಾಯಿ ಬಂದು ಸಿಪ್ಪೆ ಮೂಸಿ ಬೇಜಾರು ಮಾಡಿಕೊಂಡು ಹೋಯಿತು. 1927ರಲ್ಲಿ ಗಾಂಧೀಜಿ ಆರೋಗ್ಯ ಸುಧಾರಿಸಿಕೊಳ್ಳಲು ಇದೇ ಬೆಟ್ಟದ ಮೇಲೆ ಉಳಿದಿದ್ದರು ಅಲ್ವಾ, ಅದೂ ನೆನಪಾಯಿತು.

ಒಂದು ನಕ್ಷತ್ರ ಕಳೆದಿದ್ದು ಯಾಕೆ ಅಂದ್ರೆ, ಭೋಗ ನಂದೀಶ್ವರ ದೇವಸ್ಥಾನ ಪಕ್ಕದಲ್ಲೇ ಇದ್ದರೂ ಒಬ್ಬ ಆಟೋದವನು ಜಾಸ್ತಿ ಕೇಳಿದ. ನಡೆದೇ ಹೋದೆ. ರೈಲಿನಲ್ಲಿ ಬರುವವರು ವಾಪಸ್ ಹೋಗುವ ಟೈಮ್ ಮೊದಲೇ ನೋಡಿಕೊಳ್ಳಿ, ನೀರಿನ ಬಾಟಲಿ ಮರೀಬೇಡಿ.